ಹಾಡಿನ ಕೊನೆಯಲ್ಲೊಂದು ಹೆಸರು: ಗಾಯಕಿ ಗೌಹರ್ ಜಾನ್

ಹಿಂದೂಸ್ತಾನಿ ಸಂಗೀತದ ಗ್ರಾಮೊಫೋನ್ ಯುಗವನ್ನು ತೆರೆದ ಗೌಹರ್ ಜಾನ್ ಅವರು ತಮ್ಮ ಬಾಳಿನ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನಲ್ಲಿ. 1930ರ ಜನವರಿ 17ರಂದು ಅಲ್ಲಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹುಟ್ಟಿದ್ದು ಇಂದಿನ ಉತ್ತರಪ್ರದೇಶದ ಆಜಂಗಢದಲ್ಲಿ, ಕೀರ್ತಿ ಗಳಿಸಿದ್ದು ಕಲ್ಕತ್ತೆಯಲ್ಲಿ. ಆದರೆ ಮುಪ್ಪಿನಲ್ಲಿ ಆಶ್ರಯ ದೊರೆತದ್ದು ಕನ್ನಡದ ನೆಲದಲ್ಲಿ. ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ಪೆದ್ದೆಮುಲ್, ತಾಂಡೂರು, ಜಹೀರಾಬಾದ್ ಸೀಮೆಯ ಓದುಗರಿಗೆ ಹಲವು ಭಾಷೆಗಳಲ್ಲಿ ಹಾಡಿದ ಈ ಗಾಯಕಿಯ ಚರಿತ್ರೆ ದೂರದ್ದೆನಿಸಲಾರದು.

ಅವರು ಹುಟ್ಟಿದ್ದು 1873ರ ಜೂನ್ 26ರಂದು. ತಂದೆ ತಾಯಿ ಇಟ್ಟ ಹೆಸರು ಏಂಜಲಿನಾ ಯಿಯೋವಾರ್ಡ್. ತಂದೆ ಅರ್ಮೇನಿಯನ್ ಮೂಲದ ರಾಬರ್ಟ್ ಯಿಯೋವಾರ್ಡ್. ತಾಯಿ ಭಾರತದಲ್ಲಿಯೇ ಹುಟ್ಟಿ ಬೆಳೆದ, ಸಂಗೀತ ನೃತ್ಯಗಳನ್ನು ಬಲ್ಲ ವಿಕ್ಟೋರಿಯಾ. ಈ ದಾಂಪತ್ಯ 1879ರಲ್ಲಿ ಮುರಿಯಿತು. ಆಸರೆಯಿಲ್ಲದ ತಾಯಿ ಮಗಳೊಡನೆ ಬನಾರಸ್ ಸೇರಿ, ಅಲ್ಲಿ ಇಸ್ಲಾಂ ಧರ್ಮವನ್ನು ಸ್ವೀಕರಿಸಿ ಮಲ್ಕಾ ಜಾನ್ ಎಂಬ ಹೆಸರು ತಳೆದರು. ಏಂಜಲಿನಾ ಗೌಹರ್ ಆದಳು. ಎಂಟು ವರ್ಷದ ಬಾಲಕಿಗೆ ಊರು, ಮತ, ಹೆಸರು ಮೂರೂ ಒಮ್ಮೆಲೇ ಹೊಸದಾದವು. ಮುಂದೆ ಜಗತ್ತು ಅವರನ್ನು ನೆನೆದದ್ದು ಆ ಎರಡನೆಯ ಹೆಸರಿನಿಂದಲೇ.

1883ರಲ್ಲಿ ತಾಯಿ ಮಗಳು ಕಲ್ಕತ್ತೆಗೆ ಬಂದರು. ಅವಧದ ರಾಜ್ಯವನ್ನು ಕಳೆದುಕೊಂಡ ನವಾಬ ವಾಜಿದ್ ಅಲಿ ಶಾಹ್ ಆಗ ಅಲ್ಲಿನ ಮಟಿಯಾಬುರ್ಜಿನಲ್ಲಿ ನೆಲೆಸಿ, ಲಖನೌದ ಸಂಗೀತ ನೃತ್ಯಗಳ ಒಂದು ಚಿಕ್ಕ ಪ್ರಪಂಚವನ್ನೇ ಕಟ್ಟಿಕೊಂಡಿದ್ದರು. ಮಲ್ಕಾ ಜಾನ್ ಅವರಿಗೆ ಆ ಆಸ್ಥಾನದಲ್ಲಿ ಮನ್ನಣೆ ದೊರೆಯಿತು. ಮಗಳಿಗೆ ಒಳ್ಳೆಯ ಶಿಕ್ಷಣವೂ ದೊರೆಯಿತು. ಪಟಿಯಾಲದ ಪರಂಪರೆಯ ಕಾಲೇ ಖಾನ್ ಅವರಿಂದ ಗಾಯನ, ಬಿಂದಾದಿನ್ ಮಹಾರಾಜರಿಂದ ಕಥಕ್, ಸೃಜನ್ ಬಾಯಿ ಅವರಿಂದ ಧ್ರುಪದ, ಚರಣದಾಸರಿಂದ ಬಂಗಾಳಿ ಕೀರ್ತನೆ, ಹೀಗೆ ಹಲವು ಕೈಗಳಲ್ಲಿ ಆ ಪ್ರತಿಭೆ ರೂಪುಗೊಂಡಿತು. 1887ರಲ್ಲಿ ದರ್ಭಂಗಾದ ಅರಮನೆಯಲ್ಲಿ ಹದಿನಾಲ್ಕರ ಈ ಹುಡುಗಿ ಮೊದಲ ಬಾರಿಗೆ ಹಾಡಿ ಅಲ್ಲಿನ ಮೆಚ್ಚುಗೆ ಗಳಿಸಿದಳು. ಮುಂದಿನ ಹತ್ತು ವರ್ಷಗಳಲ್ಲಿ ಕಲ್ಕತ್ತೆಯ ಮೆಹಫಿಲ್‌ಗಳಲ್ಲಿ ಗೌಹರ್ ಜಾನ್ ಎಂಬ ಹೆಸರು ನೆಲೆಯೂರಿತು.

ಅವರ ಜೀವನವನ್ನು ತಿರುಗಿಸಿದ್ದು 1902ರ ನವೆಂಬರ್ ತಿಂಗಳು. ಲಂಡನ್ನಿನ ಗ್ರಾಮೊಫೋನ್ ಕಂಪನಿಯ ಧ್ವನಿಮುದ್ರಣ ತಜ್ಞ ಫ್ರೆಡ್ ಗೈಸ್‌ಬರ್ಗ್ ತನ್ನ ಸಲಕರಣೆಗಳೊಂದಿಗೆ ಕಲ್ಕತ್ತೆಗೆ ಬಂದು ಹೋಟೆಲೊಂದರ ಕೋಣೆಯಲ್ಲಿ ತಾತ್ಕಾಲಿಕ ಸ್ಟುಡಿಯೋ ಹೂಡಿದ್ದರು. ಭಾರತದಲ್ಲಿ ಧ್ವನಿ ಮುದ್ರಿಸಿದ ಮೊದಲಿಗರು ಗೌಹರ್ ಜಾನ್ ಎಂದು ಹಲವೆಡೆ ಬರೆಯುತ್ತಾರೆ. ಇದು ಪೂರ್ಣ ಸತ್ಯವಲ್ಲ. ಅದೇ ಯಾತ್ರೆಯಲ್ಲಿ ಅವರಿಗಿಂತ ಮೊದಲು ಕಲ್ಕತ್ತೆಯ ಕ್ಲಾಸಿಕ್ ಥಿಯೇಟರಿನ ಶಶಿಮುಖಿ ಮತ್ತು ಫಣಿಬಾಲಾ ಎಂಬ ಇಬ್ಬರು ಎಳೆಯ ಗಾಯಕಿಯರು ಹಾಡಿದ್ದರು. ಆದರೆ ಆ ಇಬ್ಬರ ಹಾಡು ಕಂಪನಿಗೆ ತೃಪ್ತಿ ಕೊಡಲಿಲ್ಲ. ಗ್ರಾಮೊಫೋನಿಗೆ ಭಾರತದಲ್ಲಿ ಮಾರುಕಟ್ಟೆಯನ್ನೂ ಮರ್ಯಾದೆಯನ್ನೂ ತಂದುಕೊಟ್ಟವರು ಗೌಹರ್ ಜಾನ್. ಮೊದಲಿಗರು ಎಂಬ ಪಟ್ಟವಿಲ್ಲದಿದ್ದರೂ ಅವರ ಹಿರಿಮೆ ಕುಗ್ಗುವುದಿಲ್ಲ.

ಆಗ ಮೈಕ್ರೊಫೋನ್ ಇರಲಿಲ್ಲ. ಗಾಯಕರು ತವರದ ದೊಡ್ಡ ಕೊಂಬಿನ ಬಾಯಿಗೆ ಮುಖವೊಡ್ಡಿ ಹಾಡಬೇಕು. ಆ ಧ್ವನಿಯ ಒತ್ತಡವೇ ಒಂದು ತೆಳುವಾದ ಪೊರೆಯನ್ನು ನಡುಗಿಸಿ, ಆ ನಡುಕ ಮುಳ್ಳಿನ ಮೂಲಕ ಮೇಣದ ತಟ್ಟೆಯ ಮೇಲೆ ಗೀರಾಗುತ್ತಿತ್ತು. ವಿದ್ಯುತ್ತಿನ ನೆರವು ಎಲ್ಲಿಯೂ ಇಲ್ಲ. ಮೆಲ್ಲಗೆ ಹಾಡಿದರೆ ಗೀರು ಮೂಡದು. ತಾರಸ್ಥಾಯಿಯಲ್ಲಿ ಕೊಂಬಿಗೆ ತೀರ ಹತ್ತಿರವಾದರೆ ಮುಳ್ಳು ಹಾದಿ ಬಿಟ್ಟು ಜಿಗಿಯುವುದು. ಕುಳಿತು, ಕೈಯಾಡಿಸಿ, ಸಭಿಕರ ಕಣ್ಣನ್ನು ನೋಡುತ್ತ ಹಾಡುವ ಅಭ್ಯಾಸವುಳ್ಳವರಿಗೆ ಇದು ಉಸಿರುಗಟ್ಟಿಸುವ ಕಟ್ಟಳೆ. ಮೇಣದ ತಟ್ಟೆಗಳು ಹಡಗೇರಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಲ್ಲಿ ಅರಗಿನ ರೆಕಾರ್ಡುಗಳಾಗಿ ಅಚ್ಚಾಗಿ ಮರಳಿ ಭಾರತಕ್ಕೆ ಬರುತ್ತಿದ್ದವು. ಆ ಅರಗು ಬಹುಪಾಲು ಭಾರತದ ಕಾಡುಗಳದೇ ಎಂಬುದು ಸ್ವಾರಸ್ಯದ ಸಂಗತಿ. 1908ರಲ್ಲಿ ಕಲ್ಕತ್ತೆಯ ಸಿಯಾಲ್‌ದಾದಲ್ಲಿ ಕಾರ್ಖಾನೆ ತೆರೆದ ಮೇಲೆ ಈ ದೀರ್ಘಯಾತ್ರೆ ನಿಂತಿತು.

ಆ ತಟ್ಟೆಗಳಲ್ಲಿ ಹಾಡಿನ ಕೊನೆಗೆ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುವುದು ಕೇಳಿಸುತ್ತದೆ. ಭಾಷೆಯರಿಯದ ಹ್ಯಾನೋವರಿನ ಕೆಲಸಗಾರರಿಗೆ ಯಾರ ತಟ್ಟೆ ಯಾವುದೆಂದು ತಿಳಿಯಲಿ ಎಂಬುದು ಇದಕ್ಕೆ ಕೊಡುವ ರೂಢಿಯ ಕಾರಣ. ಕಾರಣ ಸರಿಯೇ, ಆದರೆ ಮೇಣದ ಮೇಲೆ ಸಂಖ್ಯೆಯನ್ನೂ ಕೊರೆಯುತ್ತಿದ್ದುದರಿಂದ ಗುರುತಿಗೆ ಮತ್ತೊಂದು ದಾರಿಯೂ ಇತ್ತು. ಆ ಘೋಷಣೆಯ ಧ್ವನಿಯನ್ನು ಕೇಳಿದವರಿಗೆ ಅದರಲ್ಲಿ ಕಂಪನಿಯ ಅನುಕೂಲವನ್ನು ಮೀರಿದ ಒಂದು ಠೀವಿ ಕೇಳಿಸದಿರದು.

ಅವರ ನಿಜವಾದ ಸಾಧನೆಯನ್ನು ಕಾಣಬೇಕಾದರೆ ಗಡಿಯಾರವನ್ನು ನೋಡಬೇಕು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುವುದು ಸುಮಾರು ಮೂರು ನಿಮಿಷ. ಮೆಹಫಿಲ್‌ನಲ್ಲಿ ಒಂದು ಠುಮರಿ ಅರ್ಧ ಗಂಟೆ, ಒಂದು ಗಂಟೆ ಬೆಳೆಯಬಹುದು. ಒಂದೇ ಮಾತನ್ನು ಹತ್ತು ಭಾವಗಳಲ್ಲಿ ಹೇಳುವುದೇ ಅದರ ಸೊಗಸು. ಅನೇಕ ಉಸ್ತಾದರು ಈ ಕಾರಣದಿಂದಲೇ ಯಂತ್ರವನ್ನು ದೂರವಿಟ್ಟರು. ತಮ್ಮ ವಿದ್ಯೆ ಯಾರ ಕೈಗಾದರೂ ಸಿಕ್ಕೀತೆಂಬ ಭಯವೂ, ಯಂತ್ರಕ್ಕೆ ಹಾಡಿದರೆ ಕಂಠ ಕೆಟ್ಟೀತೆಂಬ ಶಂಕೆಯೂ ಅವರಲ್ಲಿದ್ದವು. ಗೌಹರ್ ಜಾನ್ ಸಮಯದ ಕಟ್ಟನ್ನು ಛಂದಸ್ಸಿನ ಕಟ್ಟಿನಂತೆ ಸ್ವೀಕರಿಸಿದರು. ಆಲಾಪವನ್ನು ಕೆಲವು ಕ್ಷಣಗಳಿಗೆ ಇಳಿಸಿ, ಪಲ್ಲವಿಯನ್ನು ಕೂಡಲೇ ಎತ್ತಿಕೊಂಡು, ರಾಗದ ಮುಖ್ಯ ಸಂಚಾರಗಳನ್ನು ತೋರಿಸಿ, ಚುರುಕಾದ ತಾನಗಳಿಂದ ಮುಗಿಸಿ, ಹೆಸರು ಹೇಳುವುದಕ್ಕೂ ಜಾಗ ಉಳಿಸಿಕೊಳ್ಳುತ್ತಿದ್ದರು. ಮುಕ್ತಕದಲ್ಲಿ ಮಹಾಕಾವ್ಯದ ವಿಸ್ತಾರವಿಲ್ಲ. ಆದರೆ ಮುಕ್ತಕಕ್ಕೆ ತನ್ನದೇ ಆದ ಶಿಲ್ಪವುಂಟು. ಮುಂದಿನ ಪೀಳಿಗೆಯ ಗಾಯಕರು ತಟ್ಟೆಗಾಗಿ ಹಾಡಿದ್ದು ಹೆಚ್ಚು ಕಡಿಮೆ ಇದೇ ಹಾದಿಯಲ್ಲಿ.

1902ರಿಂದ 1920ರವರೆಗೆ ಅವರು ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಧ್ವನಿಮುದ್ರಿಕೆಗಳನ್ನು ಕೊಟ್ಟರೆಂಬುದು ಸಾಮಾನ್ಯವಾಗಿ ಒಪ್ಪಿದ ಎಣಿಕೆ. ಅವರ ಚಿತ್ರ ಅಂಚೆಕಾರ್ಡುಗಳ ಮೇಲೆ ಅಚ್ಚಾಯಿತು. ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೆಟ್ಟಿಗೆಗಳ ಮೇಲೂ ಕಾಣಿಸಿಕೊಂಡಿತು. 1911ರ ಡಿಸೆಂಬರಿನ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿ ಬಾಯಿ ಅವರೊಡನೆ ಐದನೆಯ ಜಾರ್ಜ್ ಚಕ್ರವರ್ತಿಯ ಮುಂದೆ ಹಾಡಿದರು. ಸಾಕಿದ ಬೆಕ್ಕಿಗಾಗಿ ಸಾವಿರಾರು ರೂಪಾಯಿಯ ಔತಣ ನಡೆಸಿದರೆಂದೂ, ಒಮ್ಮೆ ತೊಟ್ಟ ಒಡವೆಯನ್ನು ಮತ್ತೆ ತೊಟ್ಟು ಧ್ವನಿಮುದ್ರಣಕ್ಕೆ ಬರುತ್ತಿರಲಿಲ್ಲವೆಂದೂ ಕತೆಗಳಿವೆ. ಇಂಥ ಕತೆಗಳು ಬಾಯಿಂದ ಬಾಯಿಗೆ ಹೋಗುವಾಗ ಹಿಗ್ಗುವುದು ಸಹಜ. ಶ್ರೀಮಂತ ಗಂಡಸಿನ ಇಂಥದೇ ಖರ್ಚನ್ನು ದೊಡ್ಡಸ್ತಿಕೆಯೆಂದು ಹೊಗಳುವ ಲೋಕ ಹಾಡುವ ಹೆಣ್ಣಿನ ಖರ್ಚನ್ನು ಮಾತ್ರ ಬೆರಗಿನ ಕತೆಯಾಗಿಸಿತು ಎಂಬುದನ್ನು ಮರೆಯಬಾರದು.

ಸಂಪತ್ತಿನ ಹಿಂದೆಯೇ ನ್ಯಾಯಾಲಯವೂ ಬಂತು. ತಾಯಿ ಮಲ್ಕಾ ಜಾನ್ 1906ರಲ್ಲಿ ತೀರಿಕೊಂಡರು. ಮನೆಯ ಸೇವಕಿಯ ಮಗನೊಬ್ಬ ತಾನೇ ಮಲ್ಕಾ ಜಾನ್ ಅವರ ಮಗನೆಂದೂ ಆಸ್ತಿಗೆ ಹಕ್ಕುದಾರನೆಂದೂ ದಾವೆ ಹೂಡಿದ. ಗೌಹರ್ ತಾವು ಯಾರ ಮಗಳೆಂಬುದನ್ನು ಸಾಕ್ಷ್ಯದಿಂದ ಸ್ಥಾಪಿಸಬೇಕಾಯಿತು. ಎಳವೆಯಲ್ಲಿಯೇ ದೂರವಾಗಿದ್ದ ತಂದೆಯನ್ನು ಹುಡುಕಿಕೊಂಡು ಹೋಗಿ, ಅವರಿಂದ ಸಾಕ್ಷಿ ಹೇಳಿಸಬೇಕಾಯಿತು. ಮೊಕದ್ದಮೆಯನ್ನು ಅವರು ಗೆದ್ದರು. ದೇಶದ ಸಾವಿರಾರು ಮನೆಗಳಲ್ಲಿ ಪ್ರತಿದಿನ ತನ್ನ ಹೆಸರನ್ನು ತಾನೇ ಸಾರುತ್ತಿದ್ದ ಹೆಣ್ಣುಮಗಳು ಅದೇ ಹೆಸರಿನ ಹಿಂದಿನ ಹುಟ್ಟನ್ನು ನ್ಯಾಯಾಧೀಶರ ಮುಂದೆ ರುಜುವಾತು ಮಾಡಬೇಕಾಗಿ ಬಂದದ್ದು ಅವರ ಬಾಳಿನ ಅತ್ಯಂತ ಕಹಿ ಪ್ರಸಂಗ. ಆಮೇಲೆ ತಮ್ಮ ಕಾರ್ಯದರ್ಶಿಯಾಗಿದ್ದ ಅಬ್ಬಾಸ್ ಅವರೊಡನೆ ಬೆಸೆದ ಬಾಂಧವ್ಯವೂ ವ್ಯಾಜ್ಯದಲ್ಲಿ ಮುರಿಯಿತು. ವಕೀಲರ ಶುಲ್ಕ, ಆಸ್ತಿಯ ಹಂಚಿಕೆಗಳಲ್ಲಿ ಗಳಿಕೆ ಕರಗಿತು. ಕಲ್ಕತ್ತೆಯನ್ನು ಬಿಟ್ಟು ಅವರು ಊರಿಂದೂರಿಗೆ ಅಲೆಯುವಂತಾಯಿತು.

ಆ ಅಲೆದಾಟ ಮೈಸೂರಿನಲ್ಲಿ ನಿಂತಿತು. ನಾಲ್ವಡಿ ಕೃಷ್ಣರಾಜ ಒಡೆಯರು 1928ರ ಆಗಸ್ಟ್‌ನಲ್ಲಿ ಅವರನ್ನು ಅರಮನೆಯ ಸಂಗೀತಗಾರ್ತಿಯನ್ನಾಗಿ ನೇಮಿಸಿದರು. ತಿಂಗಳಿಗೆ 500 ರೂಪಾಯಿ ಸಂಬಳ. ವಾಸಕ್ಕೆ ದಿಲ್‌ಖುಷ್ ಎಂಬ ಬಂಗಲೆ. ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರಂಥ ಕರ್ನಾಟಕ ಸಂಗೀತದ ವಿದ್ವಾಂಸರನ್ನು ಪೋಷಿಸುತ್ತಿದ್ದ ಆ ಆಸ್ಥಾನ ಹಿಂದೂಸ್ತಾನಿ ಸಂಗೀತಕ್ಕೂ ಪಾಶ್ಚಾತ್ಯ ವಾದ್ಯಗಳಿಗೂ ಬಾಗಿಲು ತೆರೆದಿತ್ತು. ಆದರೆ ದೇಹ ಆಗಲೇ ಬಳಲಿತ್ತು. ಒಂದೂವರೆ ವರ್ಷ ತುಂಬುವುದರೊಳಗೆ, ತಮ್ಮ 56ನೆಯ ವಯಸ್ಸಿನಲ್ಲಿ, ಮಕ್ಕಳಿಲ್ಲದೆ ಅವರು ಕಣ್ಮುಚ್ಚಿದರು.

ಉಳಿದದ್ದು ತಟ್ಟೆಗಳು. ಇಂದು ಹಳೆಯ ರೆಕಾರ್ಡುಗಳ ಹವ್ಯಾಸ ಮತ್ತೆ ಚಿಗುರಿದೆ. ತರುಣರು ವಿನೈಲ್ ತಟ್ಟೆಗಳನ್ನೂ ಬೆಲೆಬಾಳುವ ಹೆಡ್‌ಫೋನುಗಳನ್ನೂ ಕೊಳ್ಳುತ್ತಿದ್ದಾರೆ. ಮುಳ್ಳಿನಿಂದ ಬರುವ ನಾದವೇ ನಿಜವಾದ ನಾದ, ಉಳಿದುದೆಲ್ಲ ನೆರಳು ಎಂಬ ಮಾತನ್ನೂ ಕೇಳುತ್ತೇವೆ. ಗೌಹರ್ ಜಾನ್ ಅವರ ತಟ್ಟೆ ಈ ಮಾತನ್ನು ಒರೆಗೆ ಹಚ್ಚಲು ತಕ್ಕ ಸಾಧನ. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಗ್ರಹಿಸಬಲ್ಲುದು. ಕೊಂಬಿನ ಯಂತ್ರ ಹಿಡಿಯುತ್ತಿದ್ದುದು ಸ್ಥೂಲವಾಗಿ 200ರಿಂದ 2,500ರವರೆಗಿನದನ್ನು ಮಾತ್ರ. ತಬಲಾದ ಎಡದ ಗಂಭೀರ ನಾದವಾಗಲಿ, ತಂಬೂರಿಯ ಸೂಕ್ಷ್ಮ ಝೇಂಕಾರವಾಗಲಿ ಆ ಗೀರಿನೊಳಗೆ ಇಳಿದೇ ಇಲ್ಲ. ಇಳಿಯದುದನ್ನು ಎಷ್ಟು ದುಬಾರಿಯ ಹೆಡ್‌ಫೋನೂ ಹೊರಗೆ ತರಲಾರದು. ಅದು ಹೆಚ್ಚು ಸ್ಪಷ್ಟವಾಗಿ ಕೇಳಿಸುವುದು ಮುಳ್ಳಿನ ಕರಕರ ಸದ್ದನ್ನು. ವಿದ್ಯುತ್ತಿನ ಧ್ವನಿಮುದ್ರಣ ರೂಢಿಗೆ ಬಂದದ್ದು 1925ರಲ್ಲಿ, ಅವರ ಮುದ್ರಣದ ಕಾಲ ಮುಗಿದ ಮೇಲೆ. ವಿನೈಲ್‌ನ ದೀರ್ಘವಾದನ ತಟ್ಟೆ ಬಂದದ್ದು 1948ರಲ್ಲಿ, ಅವರು ತೀರಿಕೊಂಡು ಹದಿನೆಂಟು ವರ್ಷಗಳಾದ ಬಳಿಕ. ಆದುದರಿಂದ ವಿನೈಲ್‌ನಲ್ಲಿ ಅವರನ್ನು ಕೇಳುವವರು ಕೇಳುವುದು ಅರಗಿನ ತಟ್ಟೆಯ ನಕಲನ್ನೇ.

ವೇಗದ ವಿಷಯ ಇನ್ನೂ ಮುಖ್ಯವಾದುದು. ನಿಮಿಷಕ್ಕೆ 78 ಸುತ್ತು ಎಂಬುದು ಮುಂದೆ ನೆಲೆಗೊಂಡ ಪ್ರಮಾಣ. ಆರಂಭದ ತಟ್ಟೆಗಳು ಅದಕ್ಕಿಂತ ತುಸು ಹೆಚ್ಚು ಕಡಿಮೆ ವೇಗಗಳಲ್ಲಿ ಮುದ್ರಣಗೊಂಡವು. 74 ಸುತ್ತಿನಲ್ಲಿ ಮುದ್ರಿಸಿದುದನ್ನು 78ರಲ್ಲಿ ನುಡಿಸಿದರೆ ಧ್ವನಿ ಶೇಕಡ 5ಕ್ಕಿಂತ ಹೆಚ್ಚು ಏರುತ್ತದೆ. ಸಂಗೀತದ ಲೆಕ್ಕದಲ್ಲಿ ಅದು ಷಡ್ಜದಿಂದ ಕೋಮಲ ಋಷಭಕ್ಕೆ ಇರುವ ಅಂತರಕ್ಕೆ ಹತ್ತಿರ. ಲಯವೂ ಅಷ್ಟೇ ತೀವ್ರವಾಗುತ್ತದೆ. ಆ ಕಾಲದ ಗಾಯಕಿಯರ ಕಂಠ ಕೀಚಲಾಗಿತ್ತು ಎಂದು ತೀರ್ಪು ಕೊಡುವ ಮುನ್ನ ತಪ್ಪು ಕಂಠದ್ದೋ ತಿರುಗುವ ಯಂತ್ರದ್ದೋ ಎಂದು ವಿಚಾರಿಸುವುದು ನ್ಯಾಯ. ಹಾಡಿನ ಕೊನೆಯ ಆ ಹೆಸರು ಇಲ್ಲಿಯೂ ನೆರವಾಗುತ್ತದೆ. ಹಾಡಿನ ಶ್ರುತಿ ಎಷ್ಟೆಂದು ಊಹಿಸುವುದು ಕಷ್ಟ. ಆದರೆ ಮಾತಾಡುವ ಧ್ವನಿ ಅಸಹಜವಾದರೆ ಕಿವಿ ಕೂಡಲೇ ಗುರುತಿಸುತ್ತದೆ. ಹ್ಯಾನೋವರಿನವರಿಗಾಗಿ ಆಡಿದ ಮಾತು ನೂರಿಪ್ಪತ್ತು ವರ್ಷಗಳ ಮೇಲೆ ನಮ್ಮ ವೇಗದ ಅಳತೆಗೂ ಒದಗುತ್ತಿದೆ.

ಹೀಗೆ ಸಂದೇಹಪಡುವುದರಿಂದ ರಸಾಸ್ವಾದ ಕೆಡುವುದೆಂದು ಅಂಜಬೇಕಾಗಿಲ್ಲ. ಹಸ್ತಪ್ರತಿಯ ಲಿಪಿಕಾರನ ದೋಷವನ್ನು ತಿಳಿದು ಓದಿದವನಿಗೆ ಪಂಪನ ಪದ್ಯ ಹೆಚ್ಚು ಸ್ಪಷ್ಟವಾಗುತ್ತದೆಯೇ ಹೊರತು ಕಳೆದುಹೋಗುವುದಿಲ್ಲ. ಧ್ವನಿಮುದ್ರಿಕೆಯೂ ಒಂದು ಪ್ರತಿಯೇ. ಅದರ ಪಾಠದೋಷಗಳನ್ನು ಬಲ್ಲವರು ಗೀರಿನ ಸದ್ದನ್ನು ಬದಿಗಿಟ್ಟು ಕಂಠವನ್ನು ಹಿಡಿಯಬಲ್ಲರು. ಆಗ ಕೇಳಿಸುವುದು ಭೈರವಿಯ ಠುಮರಿಯೊಂದರಲ್ಲಿ ಸ್ವರವನ್ನು ತುಸುವೇ ಬಾಗಿಸಿ ಬಿಡುವ ಜಾಣ್ಮೆ, ಅಕ್ಷರಗಳ ಸ್ಪಷ್ಟತೆ, ಸಮಯ ಮೀರುತ್ತಿದೆಯೆಂಬ ಅರಿವಿದ್ದೂ ಅವಸರವನ್ನು ತೋರಗೊಡದ ತಾಳ್ಮೆ. ಇವು ಯಾವುವೂ 2,500 ಹರ್ಟ್ಸ್‌ನ ಆಚೆ ಇರುವಂಥವಲ್ಲ. ಸಾಧಾರಣ ಹೆಡ್‌ಫೋನಿನಲ್ಲಿಯೂ ಕೇಳಿಸುವಂಥವು.

ಗೌಹರ್ ಜಾನ್ ಅವರ ಹಲವು ತಟ್ಟೆಗಳ ಪ್ರತಿಗಳು ಇಂದು ಅಂತರ್ಜಾಲದಲ್ಲಿ ಸುಲಭವಾಗಿ ದೊರೆಯುತ್ತವೆ. ಕನ್ನಡ ವಿಭಾಗದ ವಿದ್ಯಾರ್ಥಿಗಳು ಒಂದೇ ಹಾಡಿನ ಎರಡು ಪ್ರತಿಗಳನ್ನು ಒಂದೇ ಗಟ್ಟಿತನದಲ್ಲಿ, ಯಾವುದು ಯಾವುದೆಂದು ನೋಡದೆ ಕೇಳಿ ಹೋಲಿಸಲಿ. ಒಂದರ ಸದ್ದು ತುಸು ಜೋರಾಗಿದ್ದರೆ ಅದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಅದಕ್ಕಾಗಿ ಈ ಎಚ್ಚರ. ಕೇಳುವಾಗ ಮೂರು ನಿಮಿಷದ ಕೊನೆಯವರೆಗೂ ಕಾದಿರಲಿ. ಹಾಡು ಮುಗಿದೊಡನೆ ನಿಲ್ಲಿಸಿಬಿಟ್ಟರೆ ಅವರು ತಮ್ಮ ಹೆಸರು ಹೇಳುವುದು ತಪ್ಪಿಹೋಗುತ್ತದೆ.