ಫಿಲಡೆಲ್ಫಿಯದಲ್ಲಿ ಆನಂದೀಬಾಯಿ ಜೋಶಿ

ನಮ್ಮ ಶಾಲೆಯ ವ್ಯಾಸಂಗವನ್ನು ಮುಗಿಸಿದ ಹುಡುಗಿಯರು ಪ್ರತಿ ವರ್ಷವೂ ಟ್ರಂಕು ಹಾಸಿಗೆಗಳನ್ನು ಕಟ್ಟಿಕೊಂಡು ಪರಸ್ಥಳದ ಕಾಲೇಜುಗಳಿಗೆ ಹೊರಡುವುದುಂಟು. ಅವರನ್ನು ಬೀಳ್ಕೊಡುವಾಗಲೆಲ್ಲ ನನಗೆ ಡಾಕ್ಟರ್ ಆನಂದೀಬಾಯಿ ಜೋಶಿಯವರ ನೆನಪಾಗುತ್ತದೆ. ಆಕೆಯ ಹೆಸರನ್ನು ಕೇಳದವರು ವಿರಳ. ಆದರೆ ಆಕೆ ಹೊರದೇಶದ ಒಂದು ಪಟ್ಟಣದಲ್ಲಿ ಮೂರು ವರ್ಷ ಹೇಗೆ ಬಾಳಿದರೆಂಬುದನ್ನು ತಿಳಿದವರು ಅಷ್ಟಾಗಿ ಇಲ್ಲ. ಆದುದರಿಂದ ಆ ಭಾಗವನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಲಿಚ್ಛಿಸುತ್ತೇನೆ.

ಈಕೆ ೧೮೬೫ನೆಯ ಇಸವಿ ಮಾರ್ಚ್ ತಿಂಗಳ ೩೧ರಂದು ಕಲ್ಯಾಣದ ಒಂದು ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ತವರಿನವರು ಇಟ್ಟ ಹೆಸರು ಯಮುನೆ. ಒಂಭತ್ತು ವರ್ಷದವಳಾಗಿದ್ದಾಗಲೇ ಆಕೆಯನ್ನು ಗೋಪಾಲರಾವ್ ಜೋಶಿ ಎಂಬ ಅಂಚೆ ಇಲಾಖೆಯ ನೌಕರರಿಗೆ ಕೊಟ್ಟು ಮದುವೆ ಮಾಡಿದರು. ವರನು ವಧುವಿಗಿಂತ ಬಹಳ ಹಿರಿಯನು, ಮೊದಲ ಹೆಂಡತಿಯನ್ನು ಕಳೆದುಕೊಂಡವನು. ಹೆಂಡತಿಗೆ ವಿದ್ಯೆ ಕಲಿಸಲೇಬೇಕೆಂಬ ಹಟವು ಆತನಿಗೆ ಬಲವಾಗಿತ್ತು. ಪಾಠವನ್ನು ಬಿಟ್ಟು ಅಡಿಗೆಮನೆಯಲ್ಲಿ ಕಂಡುದಕ್ಕಾಗಿ ಹೊಡೆದದ್ದೂ ಉಂಟು. ಇಂಥ ಗುರುತನವನ್ನು ನಾನು ಹೊಗಳಲಾರೆ. ಆದರೂ ಆತನ ಹಟವಿಲ್ಲದಿದ್ದರೆ ಆಕೆಗೆ ಅಕ್ಷರವೇ ದೊರೆಯುತ್ತಿರಲಿಲ್ಲವೆಂಬುದನ್ನೂ ಅಲ್ಲಗಳೆಯಲಾಗದು. ಹದಿನಾಲ್ಕನೆಯ ವಯಸ್ಸಿನಲ್ಲಿ ಆಕೆ ಒಂದು ಗಂಡು ಮಗುವನ್ನು ಹೆತ್ತರು. ತಕ್ಕ ವೈದ್ಯೋಪಚಾರವಿಲ್ಲದೆ ಅದು ಹತ್ತೇ ದಿವಸ ಬದುಕಿತು. ತಾನು ವೈದ್ಯಳಾಗಬೇಕೆಂಬ ಸಂಕಲ್ಪವು ಆ ತಾಯಿಯ ಮನಸ್ಸಿನಲ್ಲಿ ಬೇರೂರಿದ್ದು ಆಗಲೇ.

ಗೋಪಾಲರಾಯರು ಕೊಲ್ಲಾಪುರದಲ್ಲಿದ್ದಾಗ, ಹೆಂಡತಿಯನ್ನು ಅಮೇರಿಕಾಕ್ಕೆ ಕಳುಹಿಸಿ ಓದಿಸಲು ಸಹಾಯ ಬೇಡಿ ಮಿಶನರಿಗಳಿಗೆ ಬರೆದರು. ಪಾದ್ರಿ ವೈಲ್ಡರ್ ಎಂಬವರು ದಂಪತಿಗಳು ಕ್ರೈಸ್ತ ಮತವನ್ನು ಅಂಗೀಕರಿಸಬೇಕೆಂಬ ಅಭಿಪ್ರಾಯವನ್ನು ಉತ್ತರದಲ್ಲಿ ಸೂಚಿಸಿ, ಆ ಪತ್ರವ್ಯವಹಾರವನ್ನು ಪ್ರಿನ್ಸ್‌ಟನ್ನಿನ ತಮ್ಮ ಪತ್ರಿಕೆಯಲ್ಲಿ ಅಚ್ಚುಮಾಡಿಸಿದರು. ಗೋಪಾಲರಾಯರು ಒಪ್ಪಲಿಲ್ಲ, ಮಾತು ಅಲ್ಲಿಗೇ ನಿಂತಿತು. ೧೮೮೦ರಲ್ಲಿ ನ್ಯೂಜರ್ಸಿ ಸಂಸ್ಥಾನದ ರೋಸೆಲ್ ಎಂಬ ಊರಿನ ಗೃಹಿಣಿ ಶ್ರೀಮತಿ ಥಿಯೋಡೀಷಿಯಾ ಕಾರ್ಪೆಂಟರ್ ಎಂಬಾಕೆ, ದಂತವೈದ್ಯನ ಮನೆಯಲ್ಲಿ ತಮ್ಮ ಸರದಿಗಾಗಿ ಕಾದಿರುವಾಗ, ಮೇಜಿನ ಮೇಲಿದ್ದ ಆ ಹಳೆಯ ಪತ್ರಿಕೆಯನ್ನು ಕೈಗೆತ್ತಿಕೊಂಡರು. ಮುಖವನ್ನೇ ಕಂಡರಿಯದ ಆ ಹಿಂದೂ ಹುಡುಗಿಗೆ ತಮ್ಮ ಮನೆಯ ಬಾಗಿಲು ತೆರೆದಿದೆಯೆಂದು ಪತ್ರ ಬರೆದರು. ಯಾವ ಕರಾರನ್ನೂ ಹಾಕಲಿಲ್ಲ. ಮಿಶನ್ ಶಾಲೆಯ ಅನ್ನವನ್ನುಂಡು ಬೆಳೆದ ನಾನು ಈ ಎರಡು ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ಅನೇಕ ಸಲ ಯೋಚಿಸಿದ್ದೇನೆ. ಸುವಾರ್ತೆಗೆ ಹತ್ತಿರವಾದದ್ದು ಯಾವುದೆಂಬ ವಿಷಯದಲ್ಲಿ ನನಗೆ ಸಂಶಯವಿಲ್ಲ.

೧೮೮೩ರ ಫೆಬ್ರವರಿಯಲ್ಲಿ, ವಿರೋಧಿಸುತ್ತಿದ್ದ ಜನರ ಮುಂದೆ, ಸೆರಾಂಪುರ ಕಾಲೇಜಿನ ಸಭಾಂಗಣದಲ್ಲಿ ಆಕೆ ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ಹಿಂದುವಾಗಿಯೇ ಹೋಗಿ ಹಿಂದುವಾಗಿಯೇ ಹಿಂದಿರುಗುವೆನೆಂದು ಅಲ್ಲಿ ಮಾತುಕೊಟ್ಟರು. ಏಪ್ರಿಲ್ ತಿಂಗಳಲ್ಲಿ ಗಂಡನನ್ನು ಬಿಟ್ಟು, ಮಿಶನರಿ ಸ್ತ್ರೀಯರ ಜೊತೆಯಲ್ಲಿ ಕಲಕತ್ತೆಯಿಂದ ಹಡಗನ್ನೇರಿ, ಜೂನ್ ೪ರಂದು ನ್ಯೂಯಾರ್ಕಿನಲ್ಲಿ ಇಳಿದರು. ಆಗ ಆಕೆಗೆ ಹದಿನೆಂಟು ವರ್ಷ ತುಂಬಿತ್ತಷ್ಟೆ.

ಬೇಸಿಗೆಯನ್ನು ರೋಸೆಲ್ಲಿನಲ್ಲಿ ಕಳೆದರು. ಕಾರ್ಪೆಂಟರಮ್ಮನವರನ್ನು ಆಕೆ ಚಿಕ್ಕಮ್ಮನೆಂದೇ ಭಾವಿಸಿ ಕರೆಯುತ್ತಿದ್ದರು. ಮನೆಯ ಮಕ್ಕಳು ಆಕೆಗೆ ಬೇಗನೆ ಹೊಂದಿಕೊಂಡರು. ನಮ್ಮ ಕಡೆಯ ಅಡಿಗೆಯನ್ನು ತಾನೇ ಮಾಡಿ ಅಲ್ಲಿನ ಸ್ನೇಹಿತೆಯರಿಗೆ ಬಡಿಸಿದ್ದೂ ಉಂಟು. ಶರತ್ಕಾಲ ಬರಲು, ಪೆನ್ಸಿಲ್ವೇನಿಯದ ಸ್ತ್ರೀ ವೈದ್ಯಕೀಯ ಕಾಲೇಜಿಗೆ ಸೇರುವುದಕ್ಕಾಗಿ ಫಿಲಡೆಲ್ಫಿಯಕ್ಕೆ ಹೊರಟರು.

ಈ ಪಟ್ಟಣವನ್ನು ೧೬೮೨ರಲ್ಲಿ ವಿಲಿಯಂ ಪೆನ್ ಎಂಬ ಕ್ವೇಕರನು ಸ್ಥಾಪಿಸಿದನು. ಹೆಸರಿನ ಅರ್ಥವೇ ಸಹೋದರ ಪ್ರೀತಿ. ಮತಭೇದಕ್ಕಾಗಿ ಯಾರನ್ನೂ ಪೀಡಿಸಬಾರದೆಂಬುದು ಆತನ ಕಟ್ಟಳೆ. ೧೮೫೦ರಲ್ಲಿ ಸ್ತ್ರೀಯರಿಗಾಗಿ ಈ ವೈದ್ಯಕೀಯ ಕಾಲೇಜನ್ನು ತೆರೆದವರಲ್ಲಿಯೂ ಕ್ವೇಕರರೇ ಮುಖ್ಯರು. ಹಾಗೆಂದು ಊರಿಗೆ ಊರೇ ಹೂಹಾರವನ್ನು ಹಿಡಿದು ನಿಂತಿತ್ತೆಂದು ಭಾವಿಸಬಾರದು. ೧೮೬೯ರಲ್ಲಿ ಈ ಕಾಲೇಜಿನ ವಿದ್ಯಾರ್ಥಿನಿಯರು ಪೆನ್ಸಿಲ್ವೇನಿಯ ಆಸ್ಪತ್ರೆಯ ಪಾಠಕ್ಕೆ ಹೋದಾಗ ಅಲ್ಲಿದ್ದ ಯುವಕರು ಕೂಗಿ ಅಣಕಿಸಿ ಅವರನ್ನು ಅವಮಾನಪಡಿಸಿದರು. ಅದನ್ನು ಸಹಿಸಿ ಮತ್ತೆ ಮತ್ತೆ ಹೋದ ಆ ಹೆಣ್ಣುಮಕ್ಕಳಿಂದಲೇ ಮುಂದೆ ಬಂದವರಿಗೆ ದಾರಿ ಸುಗಮವಾಯಿತು.

ಕಾಲೇಜಿನ ಡೀನರಾದ ರೇಚಲ್ ಬಾಡ್ಲಿಯವರು ರಸಾಯನಶಾಸ್ತ್ರದ ಪಂಡಿತೆ. ದೂರದಿಂದ ಬಂದ ಈ ಹುಡುಗಿಗೆ ವಿದ್ಯಾರ್ಥಿವೇತನವನ್ನು ಒದಗಿಸಿದವರು ಅವರೇ. ಮೊದಲು ದೊರೆತ ಕೋಣೆಯ ಒಲೆ ಸರಿಯಾಗಿ ಉರಿಯುತ್ತಿರಲಿಲ್ಲ, ಕೋಣೆಯೆಲ್ಲ ಹೊಗೆ. ಆ ಹೊಗೆಯಲ್ಲಿ ಬೆಳಿಗ್ಗೆ ಬೇಯಿಸಿಕೊಂಡು, ದಿನವೆಲ್ಲ ಪಾಠಕ್ಕೂ ಶವಚ್ಛೇದನದ ಶಾಲೆಗೂ ಹೋಗಿ, ಸಂಜೆ ಬಂದು ಪುನಃ ಒಲೆಯ ಮುಂದೆ ಕೂರಬೇಕಾಗಿತ್ತು. ಮಾಂಸವನ್ನು ಆಕೆ ಮುಟ್ಟಲಿಲ್ಲ. ಬೇಕಾದ ಬೇಳೆ ತರಕಾರಿಗಳು ಅಲ್ಲಿ ದುರ್ಲಭ. ಸಂಗತಿಯನ್ನು ತಿಳಿದ ಬಾಡ್ಲಿಯವರು ಆಕೆಯನ್ನು ತಮ್ಮ ಮನೆಗೇ ಕರೆದುಕೊಂಡು ಹೋದರು. ಆದರೆ ಅಷ್ಟರೊಳಗೆ ದೇಹವು ಸೊರಗಲು ಆರಂಭವಾಗಿತ್ತು. ಹಿಮ ಬೀಳುವ ಆ ದೇಶದಲ್ಲಿಯೂ ಆಕೆ ಸೀರೆಯನ್ನು ಬಿಡಲಿಲ್ಲ. ಕಚ್ಚೆಯುಡಿಗೆಯಲ್ಲಿ ಮೀನಖಂಡ ಕಾಣುವುದೆಂದು, ಗುಜರಾತದವರಂತೆ ಪಾದದವರೆಗೆ ಇಳಿಬಿಟ್ಟು ಉಡಲಾರಂಭಿಸಿದರು. ಅಲ್ಲಿನವರಿಗೆ ಬಿಟ್ಟುಕೊಟ್ಟದ್ದು ಅಷ್ಟೇ.

ಬೋರ್ಡಿಂಗನ್ನು ನೋಡಿಕೊಳ್ಳುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಮನೆಗೆ ಕ್ಷೇಮವೆಂದು ಬರೆದು, ತಟ್ಟೆಯಲ್ಲಿನ ಊಟವನ್ನು ಅರ್ಧಕ್ಕೆ ಬಿಟ್ಟು, ರಾತ್ರಿ ಕೆಮ್ಮನ್ನು ಸೆರಗಿನಲ್ಲಿ ಅಡಗಿಸಿಕೊಳ್ಳುವ ಹುಡುಗಿಯೇ ಎಲ್ಲರಿಗಿಂತ ಹೆಚ್ಚು ಚಿಂತೆಗೆ ಕಾರಣಳು. ಆನಂದೀಬಾಯಿಯವರು ಅಂಥವರು. ಒಳಗೆ ಕ್ಷಯರೋಗವು ಬೆಳೆಯುತ್ತಿತ್ತು; ಓದು ನಿಲ್ಲಲಿಲ್ಲ.

ಕಾಲೇಜಿನಲ್ಲಿ ಆಕೆ ಒಬ್ಬರೇ ಪರದೇಶದವರಾಗಿರಲಿಲ್ಲ. ಜಪಾನಿನ ಕೇಯಿ ಒಕಾಮಿ, ಸಿರಿಯಾದ ಸಬಾತ್ ಇಸ್ಲಾಂಬೂಲಿ ಇವರೂ ಅಲ್ಲಿ ಕಲಿಯುತ್ತಿದ್ದರು. ೧೮೮೫ರ ಅಕ್ಟೋಬರಿನಲ್ಲಿ ತೆಗೆದ ಒಂದು ಛಾಯಾಚಿತ್ರದಲ್ಲಿ ಮೂವರೂ ತಮ್ಮ ತಮ್ಮ ದೇಶದ ಉಡುಪಿನಲ್ಲಿ ಒಟ್ಟಿಗೆ ಇದ್ದಾರೆ. ನಮ್ಮ ಆನಂದೀಬಾಯಿಯವರು ಸೀರೆಯುಟ್ಟು ಗಂಭೀರವಾಗಿ ನೋಡುತ್ತಿದ್ದಾರೆ. ಆ ಚಿತ್ರವನ್ನು ನೋಡುವ ಅವಕಾಶ ಸಿಕ್ಕಿದರೆ ನಮ್ಮ ವಿದ್ಯಾರ್ಥಿನಿಯರು ಬಿಡಬಾರದು.

ಮತದ ವಿಷಯದಲ್ಲಿ ಹೇಳತಕ್ಕದ್ದು ಇದೆ. ಪ್ರಯಾಣದಲ್ಲಿಯೂ ಆಮೇಲೆಯೂ ಆಕೆಯನ್ನು ಕ್ರೈಸ್ತಳನ್ನಾಗಿ ಮಾಡಲು ಪ್ರಯತ್ನಿಸಿದವರು ಇಲ್ಲದಿರಲಿಲ್ಲ. ಆಕೆ ಜಗಳವಾಡಲಿಲ್ಲ, ಮಣಿಯಲೂ ಇಲ್ಲ. ಸೆರಾಂಪುರದಲ್ಲಿ ಕೊಟ್ಟ ಮಾತನ್ನು ನಡೆಯಿಸಿದರು. ಕ್ರೈಸ್ತರಾದ ಕಾರ್ಪೆಂಟರಮ್ಮನವರ ಪ್ರೀತಿ ಇದರಿಂದ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

೧೮೮೬ನೆಯ ಮಾರ್ಚ್ ೧೧ರಂದು ಪದವಿದಾನವಾಯಿತು. ಆರ್ಯ ಹಿಂದೂಗಳ ಪ್ರಸೂತಿಶಾಸ್ತ್ರವನ್ನು ಕುರಿತು ಆಕೆ ತನ್ನ ಪ್ರಬಂಧವನ್ನು ಬರೆದಿದ್ದರು. ಹಿಂದಿನ ವರ್ಷವೇ ಅಮೇರಿಕಾ ತಲಪಿದ್ದ ಗೋಪಾಲರಾಯರು ಸಭೆಯಲ್ಲಿದ್ದರು. ಇಂಗ್ಲೆಂಡಿನಿಂದ ಪಂಡಿತಾ ರಮಾಬಾಯಿಯವರೂ ಅದಕ್ಕಾಗಿಯೇ ಬಂದಿದ್ದರು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ ೧೮೫೮ರಲ್ಲಿ ಹುಟ್ಟಿ, ೧೮೮೩ರಲ್ಲಿ ಕ್ರೈಸ್ತರಾದ ರಮಾಬಾಯಿ. ಹಿಂದುವಾಗಿಯೇ ಉಳಿದ ಆನಂದೀಬಾಯಿ. ಫಿಲಡೆಲ್ಫಿಯದ ಆ ಸಭೆಯಲ್ಲಿ ಇಬ್ಬರೂ ಒಂದಾಗಿ ಸಂತೋಷಪಟ್ಟರು.

ಕೊಲ್ಲಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀ ವಿಭಾಗದ ಮೇಲ್ವಿಚಾರಣೆ ಆಕೆಗಾಗಿ ಕಾದಿತ್ತು. ನಮ್ಮ ಬೆಳಗಾವಿಗೆ ಅದು ದೂರವೇನಲ್ಲ. ಆಕೆ ಬದುಕಿದ್ದರೆ ನಮ್ಮ ಸೀಮೆಯ ಎಷ್ಟೋ ತಾಯಂದಿರು ಆ ಬಾಗಿಲಿಗೆ ಹೋಗುತ್ತಿದ್ದರು. ಆದರೆ ೧೮೮೬ರ ಕೊನೆಯಲ್ಲಿ ಸ್ವದೇಶಕ್ಕೆ ಬಂದಿಳಿದವರು ವೈದ್ಯೆಯಲ್ಲ, ರೋಗಿ. ಆ ಕೆಲಸವನ್ನು ಕೈಗೊಳ್ಳುವುದಕ್ಕಾಗಲೇ ಇಲ್ಲ. ೧೮೮೭ರ ಫೆಬ್ರವರಿ ೨೬ರಂದು ಪುಣೆಯಲ್ಲಿ, ಇಪ್ಪತ್ತೆರಡು ವರ್ಷ ತುಂಬಲು ಇನ್ನೂ ಒಂದು ತಿಂಗಳಿರುವಾಗ, ತೀರಿಕೊಂಡರು. ಅದೇ ವರ್ಷ ರಮಾಬಾಯಿಯವರು ಉಚ್ಚ ಜಾತಿಯ ಹಿಂದೂ ಸ್ತ್ರೀಯನ್ನು ಕುರಿತ ತಮ್ಮ ಗ್ರಂಥವನ್ನು ಫಿಲಡೆಲ್ಫಿಯದಲ್ಲಿ ಅಚ್ಚುಮಾಡಿಸಿದರು. ಬಾಡ್ಲಿಯವರು ಅದಕ್ಕೆ ಮುನ್ನುಡಿ ಬರೆದರು. ೧೮೯೨ರಲ್ಲಿ ಗುರುಬಾಯಿ ಕರಮರಕರ ಎಂಬ ಇನ್ನೊಬ್ಬ ಭಾರತೀಯಳು ಅದೇ ಕಾಲೇಜಿನಿಂದ ವೈದ್ಯಳಾಗಿ ಹೊರಬಂದರು.

ಆನಂದೀಬಾಯಿಯವರ ಅಸ್ಥಿಯನ್ನು ಕಾರ್ಪೆಂಟರಮ್ಮನವರಿಗೆ ಕಳುಹಿಸಲಾಯಿತು. ಅವರು ಅದನ್ನು ನ್ಯೂಯಾರ್ಕ್ ಸಂಸ್ಥಾನದ ಪೊಕಿಪ್ಸಿ ಎಂಬ ಊರಿನಲ್ಲಿ ತಮ್ಮ ಕುಟುಂಬದ ಸಮಾಧಿಸ್ಥಳದಲ್ಲಿಯೇ, ತಮ್ಮವರ ನಡುವೆ, ಇರಿಸಿದರು.