ಸಂತ ಡನ್‌ಸ್ಟನ್

ಇಂಗ್ಲೆಂಡಿನ ನೈರುತ್ಯ ಭಾಗದಲ್ಲಿ ಗ್ಲಾಸ್ಟನ್‌ಬರಿ ಎಂಬ ಊರಿದೆ. ಸಾವಿರ ವರ್ಷಗಳ ಹಿಂದೆ ಅದರ ಸುತ್ತಲೂ ಜೌಗುಭೂಮಿ ಹರಡಿಕೊಂಡಿತ್ತು. ಅಲ್ಲಿ ಒಂದು ಹಳೆಯ ಚರ್ಚು, ಐರ್ಲೆಂಡಿನಿಂದ ಬಂದು ನೆಲೆಸಿದ್ದ ಕೆಲವರು ಯಾತ್ರಿಕ ವಿದ್ವಾಂಸರು, ಅವರು ತಂದಿದ್ದ ಗ್ರಂಥಗಳು ಇದ್ದುವು. ಹತ್ತನೆಯ ಶತಮಾನದ ಆರಂಭದಲ್ಲಿ ಆ ಸೀಮೆಯ ಕುಲೀನ ಮನೆತನವೊಂದರಲ್ಲಿ ಜನಿಸಿದ ಡನ್‌ಸ್ಟನ್ ಬಾಲ್ಯದಲ್ಲಿ ವಿದ್ಯೆ ಕಲಿತದ್ದು ಆ ವಿದ್ವಾಂಸರ ಬಳಿಯಲ್ಲಿ.

ಅವನ ಬುದ್ಧಿ ಎಷ್ಟು ಚುರುಕೋ ಕೈಯೂ ಅಷ್ಟೇ ಚುರುಕು. ಗ್ರಂಥಗಳ ಪ್ರತಿ ಮಾಡುವುದು, ಚಿತ್ರ ಬರೆಯುವುದು, ಲೋಹವನ್ನು ಕಾಯಿಸಿ ಬಡಿದು ಪಾತ್ರೆ ಗಂಟೆಗಳನ್ನು ರೂಪಿಸುವುದು, ಹಾರ್ಪ್ ಎಂಬ ತಂತಿವಾದ್ಯವನ್ನು ನುಡಿಸುವುದು ಎಲ್ಲವೂ ಅವನಿಗೆ ಒಲಿದಿದ್ದುವು. ಈ ಜಾಣ್ಮೆಯೇ ಅವನಿಗೆ ಮುಳುವಾಯಿತು. ಅಥೆಲ್‌ಸ್ಟನ್ ದೊರೆಯ ಆಸ್ಥಾನದಲ್ಲಿ ತರುಣ ಡನ್‌ಸ್ಟನ್ನನಿಗೆ ದೊರೆತ ಆದರವನ್ನು ಕಂಡು ಕರುಬಿದವರು, ಅವನು ಓದುತ್ತಿದ್ದುದು ಮಾಟಮಂತ್ರದ ಪುಸ್ತಕಗಳೆಂದು ದೂರು ಹೇಳಿದರು. ಅವನು ಆಸ್ಥಾನವನ್ನು ಬಿಡಬೇಕಾಯಿತು. ಹೊರಟವನನ್ನು ಅಡ್ಡಗಟ್ಟಿ, ಹೊಡೆದು, ಕೈಕಾಲು ಕಟ್ಟಿ ಕೊಳಚೆಗುಂಡಿಗೆ ಎಸೆದರು.

ಬದುಕಿ ಬಂದ ಡನ್‌ಸ್ಟನ್ ವಿಂಚೆಸ್ಟರಿನಲ್ಲಿ ಬಿಷಪ್ಪನಾಗಿದ್ದ ತನ್ನ ಬಂಧುವಿನ ಆಶ್ರಯ ಪಡೆದನು. ಸನ್ಯಾಸಿಯಾಗೆಂದು ಆ ಹಿರಿಯನು ಬೋಧಿಸಿದಾಗ ತರುಣನ ಮನಸ್ಸು ಮೊದಲು ಒಪ್ಪಲಿಲ್ಲ. ಕಠಿಣವಾದ ಕಾಯಿಲೆಯೊಂದರಿಂದ ಪಾರಾದ ಮೇಲೆ ಅವನು ದೀಕ್ಷೆ ಪಡೆದನು. ಬಳಿಕ ಗ್ಲಾಸ್ಟನ್‌ಬರಿಯಲ್ಲಿ ಕಾಲು ಚಾಚಲೂ ಸಾಲದ ಒಂದು ಕಿರುಕೋಣೆ ಕಟ್ಟಿಕೊಂಡು ಜಪ, ಅಧ್ಯಯನ, ಕುಲುಮೆಯ ಕೆಲಸಗಳಲ್ಲಿ ದಿನ ಕಳೆಯುತ್ತಿದ್ದನೆಂದು ಹೇಳುತ್ತಾರೆ. ಅಲ್ಲಿ ಪೀಡಿಸಲು ಬಂದ ಸೈತಾನನ ಮೂಗನ್ನು ಅವನು ಕಾದ ಇಕ್ಕಳದಿಂದ ಹಿಡಿದೆಳೆದನೆಂಬ ಕತೆ ಇಂಗ್ಲೆಂಡಿನ ಮಕ್ಕಳಿಗೆಲ್ಲ ಪರಿಚಿತವಾದದ್ದು. ಅವನನ್ನು ಕಣ್ಣಾರೆ ಕಂಡವನು ಬರೆದ ಮೊದಲ ಚರಿತ್ರೆಯಲ್ಲಿ ಆ ಕತೆಯಿಲ್ಲ. ಅದು ಅನಂತರದವರ ಸೇರ್ಪಡೆ.

ಎಡ್ಮಂಡ್ ದೊರೆಯೂ ಚಾಡಿಮಾತಿಗೆ ಕಿವಿಗೊಟ್ಟು ಡನ್‌ಸ್ಟನ್ನನನ್ನು ಹೊರಗಟ್ಟಿದನು. ಕೆಲವೇ ದಿನಗಳಲ್ಲಿ ಚೆಡ್ಡರ್ ಎಂಬಲ್ಲಿ ಬೇಟೆಯಾಡುತ್ತಿದ್ದಾಗ, ಅಟ್ಟಿಸಿಕೊಂಡು ಹೋದ ಜಿಂಕೆ ಕಡಿದಾದ ಬಂಡೆಯಿಂದ ಕೆಳಗುರುಳಿತು. ಬೇಟೆನಾಯಿಗಳೂ ಉರುಳಿದುವು. ದೊರೆಯ ಕುದುರೆ ಮಾತ್ರ ಅಂಚಿನಲ್ಲಿ ನಿಂತಿತು. ನಿರಪರಾಧಿಗೆ ತಾನು ಮಾಡಿದ ಅನ್ಯಾಯ ಆ ಕ್ಷಣದಲ್ಲಿ ದೊರೆಗೆ ನೆನಪಾಯಿತಂತೆ. ಹಿಂದಿರುಗಿದವನೇ ಡನ್‌ಸ್ಟನ್ನನನ್ನು ಗ್ಲಾಸ್ಟನ್‌ಬರಿಯ ಮಠಾಧಿಪತಿಯನ್ನಾಗಿ ಮಾಡಿದನು. ಡೇನರ ದಾಳಿಗಳಿಂದಲೂ ಉಪೇಕ್ಷೆಯಿಂದಲೂ ಸೊರಗಿದ್ದ ಇಂಗ್ಲೆಂಡಿನ ಮಠಜೀವನವು ಸಂತ ಬೆನೆಡಿಕ್ಟನ ನಿಯಮಗಳನ್ನು ಅನುಸರಿಸಿ ಮತ್ತೆ ಚಿಗುರತೊಡಗಿದ್ದು ಅಲ್ಲಿಂದ.

ಆದರೂ ಅವನಿಗೆ ನೆಮ್ಮದಿ ದೊರೆಯಲಿಲ್ಲ. 955ರಲ್ಲಿ ಪಟ್ಟಕ್ಕೆ ಬಂದ ತರುಣ ಎಡ್ವಿಗ್ ತನ್ನ ಪಟ್ಟಾಭಿಷೇಕದ ಔತಣದಿಂದಲೇ ಎದ್ದು ಅಂತಃಪುರಕ್ಕೆ ಹೋದಾಗ, ಅವನನ್ನು ಗದರಿಸಿ ಕೈಹಿಡಿದು ಸಭೆಗೆ ಎಳೆತಂದವನು ಡನ್‌ಸ್ಟನ್. ಇದು ಧೈರ್ಯವೋ ದುಡುಕೋ, ಹೇಳುವುದು ಕಷ್ಟ. ಫಲವಾಗಿ ಅವನು ಗಡೀಪಾರಾಗಿ ಕಡಲಾಚೆಯ ಘೆಂಟ್ ನಗರದ ಮಠವನ್ನು ಸೇರಿದನು. ಮುಂದೆ ಎಡ್ಗರ್ ಎಂಬ ದೊರೆ ಅವನನ್ನು ಕರೆಸಿಕೊಂಡು ಬಿಷಪ್ಪನನ್ನಾಗಿ ಮಾಡಿದನು. 959ರಲ್ಲಿ ಡನ್‌ಸ್ಟನ್ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಪೀಠವನ್ನೇರಿದನು. 973ರಲ್ಲಿ ಬಾತ್ ನಗರದಲ್ಲಿ ಎಡ್ಗರನಿಗೆ ಪಟ್ಟ ಕಟ್ಟಿದ ವಿಧಿಯ ಚೌಕಟ್ಟು 2023ರಲ್ಲಿ ಮೂರನೆಯ ಚಾರ್ಲ್ಸನ ಪಟ್ಟಾಭಿಷೇಕದಲ್ಲಿಯೂ ಉಳಿದಿತ್ತು. 988ರ ಮೇ 19ರಂದು ಡನ್‌ಸ್ಟನ್ ಕಾಲವಾದನು. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿರುವ ಹಸ್ತಪ್ರತಿಯೊಂದರಲ್ಲಿ ಕ್ರಿಸ್ತನ ಪಾದದೆಡೆಯಲ್ಲಿ ಬಾಗಿರುವ ಪುಟ್ಟ ಸನ್ಯಾಸಿಯ ಚಿತ್ರವಿದೆ. ಅದು ಅವನೇ ಬರೆದುಕೊಂಡ ತನ್ನ ಚಿತ್ರವೆಂದು ನಂಬಲಾಗಿದೆ.

ಅಕ್ಕಸಾಲಿಗರು ಅವನನ್ನು ತಮ್ಮ ರಕ್ಷಕ ಸಂತನೆಂದು ಕೊಂಡಾಡಿದರು. ಅವನ ಹೆಸರಿನ ಚರ್ಚುಗಳು ಹಲವೆಡೆ ಎದ್ದುವು. ಅವುಗಳಲ್ಲೊಂದು ಲಂಡನ್ನಿನ ಫ್ಲೀಟ್ ಬೀದಿಯಲ್ಲಿತ್ತು. 1671ರಲ್ಲಿ ಅದಕ್ಕೊಂದು ವಿಚಿತ್ರ ಗಡಿಯಾರವನ್ನು ಕೂಡಿಸಿದರು. ಇಬ್ಬರು ದೈತ್ಯರ ಪ್ರತಿಮೆಗಳು ಗದೆಯೆತ್ತಿ ಅದರ ಗಂಟೆ ಬಾರಿಸುತ್ತಿದ್ದುವು. 1830ರ ಸುಮಾರಿಗೆ ಹಳೆಯ ಚರ್ಚನ್ನು ಕೆಡವಿದಾಗ ಶ್ರೀಮಂತನೊಬ್ಬನು ಆ ಗಡಿಯಾರವನ್ನು ಕೊಂಡು ರೀಜೆಂಟ್ಸ್ ಪಾರ್ಕಿನ ತನ್ನ ಮನೆಗೆ ಒಯ್ದನು. ಗಡಿಯಾರದೊಡನೆ ಹೆಸರೂ ಹೋಯಿತು. ಆ ಮನೆ ಸೇಂಟ್ ಡನ್‌ಸ್ಟನ್ಸ್ ಎನಿಸಿಕೊಂಡಿತು.

ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡು ಬರುತ್ತಿದ್ದ ಯೋಧರಿಗಾಗಿ, ತಾನೂ ದೃಷ್ಟಿಹೀನನಾಗಿದ್ದ ಪತ್ರಿಕೋದ್ಯಮಿ ಆರ್ಥರ್ ಪಿಯರ್ಸನ್ 1915ರಲ್ಲಿ ಸ್ಥಾಪಿಸಿದ ಸಂಸ್ಥೆ ಆ ಮನೆಯಲ್ಲಿ ನೆಲೆಸಿತು. ಅಲ್ಲಿ ಯೋಧರು ಬ್ರೈಲ್ ಲಿಪಿ, ಬುಟ್ಟಿ ಹೆಣೆಯುವುದು, ಬಡಗಿತನ, ಬೆರಳಚ್ಚು, ಕೋಳಿ ಸಾಕಣೆ ಕಲಿತರು. ಸನ್ಯಾಸಿಯ ಹೆಸರು ಸಂಸ್ಥೆಗೆ ಬಂದದ್ದು ಕೇವಲ ಮನೆಯ ಕಾರಣದಿಂದ. ಆದರೂ ಕೈಗಳೇ ಬದುಕಿನ ಆಧಾರವಾಗಬೇಕಿದ್ದ ಆ ಜನರಿಗೆ ಕುಲುಮೆಯಲ್ಲಿ ದುಡಿದ ಸಂತನ ಹೆಸರು ಒಪ್ಪುವಂತಿತ್ತು.

ಗಲಿಪೊಲಿ ಕದನದಲ್ಲಿ ಕಣ್ಣು ಕಳೆದುಕೊಂಡ ನ್ಯೂಜಿಲೆಂಡಿನ ಯೋಧ ಕ್ಲೂಥಾ ಮೆಕೆಂಜಿ ಅಲ್ಲಿ ಕಲಿತವರಲ್ಲಿ ಒಬ್ಬನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವನು ಭಾರತಕ್ಕೆ ಬಂದು, ಅಂಧರಾದ ಭಾರತೀಯ ಯೋಧರಿಗಾಗಿ 1943ರಲ್ಲಿ ಡೆಹರಾಡೂನಿನಲ್ಲಿ ಅದೇ ಹೆಸರಿನ ನಿಲಯವನ್ನು ತೆರೆದನು. 1950ರಲ್ಲಿ ಭಾರತ ಸರ್ಕಾರವು ಅದನ್ನು ವಹಿಸಿಕೊಂಡಿತು. ದೃಷ್ಟಿಹೀನರಿಗಾಗಿ ಅಲ್ಲಿ ಬೆಳೆದ ರಾಷ್ಟ್ರೀಯ ಸಂಸ್ಥೆಯ ಮೂಲ ಆ ನಿಲಯವೇ. ಆಗ ನಮ್ಮ ದೇಶದಲ್ಲಿ ಹಲವು ಬಗೆಯ ಬ್ರೈಲ್ ಪದ್ಧತಿಗಳಿದ್ದುವು. ಒಂದನ್ನು ಕಲಿತವನು ಇನ್ನೊಂದನ್ನು ಓದಲಾರನು. ಬ್ರೈಲ್ ಲಿಪಿಗೆ ಏಕರೂಪ ತರುವ ಯುನೆಸ್ಕೋದ ಕಾರ್ಯದಲ್ಲಿ ಮೆಕೆಂಜಿ ಸಲಹೆಗಾರನಾಗಿ ದುಡಿದನು. 1951ರಲ್ಲಿ ಭಾರತಿ ಬ್ರೈಲ್ ಅಂಗೀಕೃತವಾಯಿತು. ಅದೇ ವರ್ಷ ಡೆಹರಾಡೂನಿನಲ್ಲಿ ಬ್ರೈಲ್ ಮುದ್ರಣಾಲಯವೂ ಪ್ರಾರಂಭವಾಯಿತು. ಕನ್ನಡದ ಕಕಾರಕ್ಕೂ ಹಿಂದಿಯ, ಬಂಗಾಳಿಯ ಕಕಾರಕ್ಕೂ ಇಂದು ಬೆರಳಿಗೆ ತಗಲುವ ಚುಕ್ಕೆಗಳು ಒಂದೇ.