ಇಪ್ಪತ್ತೊಂಬತ್ತು ವರ್ಷದ ಹಸಿವು



ಭಾನುವಾರ ತಪ್ಪದೆ ಪೂಜೆಗೆ ಬರುತ್ತೀರಿ, ಸಾಲಿನಲ್ಲಿ ನಿಂತು ಪರಮಪ್ರಸಾದ ಸ್ವೀಕರಿಸುತ್ತೀರಿ. ಹಿಂದಿರುಗಿ ಮೊಣಕಾಲೂರುವಷ್ಟರಲ್ಲಿ ಮನಸ್ಸು ಶಿಡ್ಲಘಟ್ಟದ ಗೂಡಿನ ಧಾರಣೆಯ ಕಡೆ ಹೊರಟಿರುತ್ತದೆ. ನಿಮ್ಮನ್ನು ದೂರುವುದಕ್ಕಾಗಿ ಈ ಮಾತಲ್ಲ. ಒಂದೇ ಬೆಳಿಗ್ಗೆ ಎರಡು ಊರುಗಳಲ್ಲಿ ಪೂಜೆ ಇರುವಾಗ, ಎರಡನೆಯದರಲ್ಲಿ ನನ್ನ ತುಟಿ ಮಾತ್ರ ಪ್ರಾರ್ಥಿಸಿ ಕಣ್ಣು ಗಡಿಯಾರ ನೋಡಿದ್ದುಂಟು. ಅಂಥ ದಿನ ನನಗೆ ನೆನಪಾಗುವವರು ಸಂತ ಜೋಸೆಫ್ ವಾಜ್.

ಅವರು ಹುಟ್ಟಿದ್ದು 1651ರಲ್ಲಿ, ಗೋವೆಯ ಬೆಣಾವಲಿಯಲ್ಲಿ. 1676ರಲ್ಲಿ ಗುರುಪಟ್ಟ ಪಡೆದರು. 1681ರಲ್ಲಿ ನಮ್ಮ ಕನ್ನಡ ಕರಾವಳಿಗೆ ಬಂದರು. ಅಧಿಕಾರ ಯಾರದೆಂದು ಪೋರ್ಚುಗೀಸರ ಕಡೆಯವರೂ ರೋಮಿನ ಕಡೆಯವರೂ ಆಗ ಅಲ್ಲಿ ಕಚ್ಚಾಡುತ್ತಿದ್ದರು. (ಗುರುಗಳ ಜಗಳದಲ್ಲಿ ಬಡವಾಗುವುದು ಯಾವಾಗಲೂ ಜನರೇ.) ಜೋಸೆಫರು ಎರಡೂ ಕಡೆಯವರನ್ನು ಸಮಾಧಾನಪಡಿಸುತ್ತಾ, ಮಂಗಳೂರು, ಬಸ್ರೂರು, ಗಂಗೊಳ್ಳಿ ಎಂದು ಮೂರು ವರ್ಷ ದುಡಿದು ಗೋವೆಗೆ ಮರಳಿದರು.

ಅವರ ಮನಸ್ಸೆಲ್ಲ ಶ್ರೀಲಂಕೆಯ ಮೇಲಿತ್ತು. 1658ರಲ್ಲಿ ಯಾಳ್ಪಾಣವನ್ನು ಗೆದ್ದ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. 1687ರಲ್ಲಿ ಜೋಸೆಫರು ಕೂಲಿಯಾಳಿನ ವೇಷದಲ್ಲಿ ಅಲ್ಲಿ ಇಳಿದರು, ಬಂದವರೇ ಕಾಯಿಲೆ ಬಿದ್ದರು. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಜಪಸರ ಕಂಡು ಯಾರ ಕಣ್ಣು ಅರಳುತ್ತದೆ ಎಂದು ಗಮನಿಸಿದರು. ನಂಬಿಕೆಯಾದ ಕಡೆ ತಾನು ಗುರುವೆಂದು ತಿಳಿಸಿದರು. ಆಮೇಲೆ ರಾತ್ರಿ ಹೊತ್ತು, ಮುಚ್ಚಿದ ಬಾಗಿಲ ಹಿಂದೆ, ಪಾಪನಿವೇದನೆ ಮತ್ತು ಪೂಜೆ.

ಸ್ವಲ್ಪ ಯೋಚಿಸಿ. ಡಚ್ಚರು ಬಂದ ವರ್ಷ ಹುಟ್ಟಿದ ಮಗುವಿಗೆ ಆಗ ಇಪ್ಪತ್ತೊಂಬತ್ತು ವರ್ಷ. ಮದುವೆಯಾಗಿ ಮಕ್ಕಳಿದ್ದರೂ ಪರಮಪ್ರಸಾದದ ರುಚಿ ಗೊತ್ತಿಲ್ಲ. ಅವರ ಕಣ್ಣೀರು ನಮಗೆ ಅರ್ಥವಾಗುತ್ತದೆ. ನನ್ನನ್ನು ಕಾಡುವುದು ಜೋಸೆಫರ ಸ್ಥಿತಿ. ಜನರಿಗೆ ಅದು ಮೊದಲ ಸಲ. ಅವರಿಗೆ ನಿನ್ನೆಯ ಊರಿನಲ್ಲಿ ಹೇಳಿದ್ದೇ ಲತೀನ್ ಮಾತು, ಎತ್ತಿದ್ದೇ ಪಾತ್ರೆ. ಆದರೂ ಅವರಿಗೆ ಸವಕಲಾಗಲಿಲ್ಲ. ಎದುರಿಗಿದ್ದವರ ಹಸಿವನ್ನು ಅವರು ತಮ್ಮದಾಗಿಸಿಕೊಂಡರು ಎಂದೇ ನನ್ನ ತಿಳುವಳಿಕೆ. ಅಪರೂಪವಾದರೆ ತಾನಾಗಿ ಬೆಲೆ ಬರುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಿಂದೆ ವರ್ಷಕ್ಕೆ ಕೆಲವೇ ಸಲ ಸ್ವೀಕರಿಸುತ್ತಿದ್ದವರಲ್ಲಿ ಭಯವೇ ಹೆಚ್ಚಿತ್ತು. ಆದ್ದರಿಂದಲೇ ಹತ್ತನೆಯ ಪಿಯುಸ್ ಜಗದ್ಗುರುಗಳ ಕಾಲದಲ್ಲಿ, 1905ರಲ್ಲಿ, ದಿನನಿತ್ಯ ಸ್ವೀಕರಿಸಲು ಧರ್ಮಸಭೆ ಜನರನ್ನು ಕರೆಯಿತು.

1692ರಲ್ಲಿ ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂದು ಜೋಸೆಫರನ್ನು ಸೆರೆಹಿಡಿದರು. ಸೆರೆಯಲ್ಲೂ ಪೂಜೆ ನಡೆಯಿತು. 1697ರಲ್ಲಿ ಸಿಡುಬು ಹಬ್ಬಿ ಜನ ಊರು ಬಿಟ್ಟು ಓಡಿದಾಗ, ರೋಗಿಗಳ ಹುಣ್ಣು ತೊಳೆದು ಅನ್ನ ಉಣಿಸಿದ್ದು ಅವೇ ಕೈಗಳು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು.

ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆ ಯಾಳ್ಪಾಣದಂಥ ಮನೆಗಳು ಇವತ್ತಿಗೂ ಇವೆ: ಹಾಸಿಗೆ ಹಿಡಿದ ವೃದ್ಧರ ಮನೆಗಳು. ನಿಮ್ಮ ಗುರುಗಳು ಮೊದಲ ಶುಕ್ರವಾರ ಪರಮಪ್ರಸಾದ ಒಯ್ಯುವಾಗ ಒಂದು ಸಲ ಜೊತೆಗೆ ಹೋಗಿ. ಮಕ್ಕಳನ್ನೂ ಕರೆದುಕೊಳ್ಳಿ. ಮಂಚದ ಪಕ್ಕದ ಸ್ಟೂಲಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಇಟ್ಟು, ಆ ಅಜ್ಜಿ ಬೆಳಗಿನಿಂದ ಬಾಗಿಲನ್ನೇ ನೋಡುತ್ತಾ ಕುಳಿತಿರುತ್ತಾರೆ.